ಬಾಯಿ ಮುಕ್ಕಳಿಸುವ ಮದ್ದು: ಕೂಡಿಕೆಯ ಹದ



ವಿಜಯಪುರದ ಹಳೆಯ ಬಾವಿಗಳ ಮೆಟ್ಟಿಲಿಳಿದವರಿಗೆ ಪಾಚಿಯ ಹಟ ಗೊತ್ತು. ಕೊಡಗಟ್ಟಲೆ ನೀರು ಸುರಿದರೂ ಅದು ಕದಲದು. ಕಲ್ಲನ್ನು ತಿಕ್ಕಿದರೇ ಬಿಟ್ಟೀತು. ನಮ್ಮ ಹಲ್ಲಿನ ಮೇಲೆಯೂ ಇಂಥದೇ ಪಾಚಿ ದಿನದಿನವೂ ಕಟ್ಟುತ್ತದೆ. ಈ ತೆಳುಪೊರೆ ಸೂಕ್ಷ್ಮಜೀವಿಗಳ ಬೀಡು. ತಿಕೋಟಾದ ಒಣದ್ರಾಕ್ಷಿಯಾಗಲಿ, ಬಬಲೇಶ್ವರದ ಕಡೆಯ ಕಬ್ಬಾಗಲಿ, ನಾವು ಸವಿದ ಸಿಹಿಯಲ್ಲಿ ಅವಕ್ಕೂ ಪಾಲುಂಟು. ಸಿಹಿಯುಂಡು ಅವು ಆಮ್ಲವನ್ನು ಹುಟ್ಟಿಸುತ್ತವೆ, ಹಲ್ಲು ಹುಳುಕಾಗುತ್ತದೆ. ಪಾಚಿಯು ಒಸಡಿನ ಅಂಚಿನಲ್ಲಿ ನೆಲೆನಿಂತರೆ ಒಸಡು ಬಾತು ರಕ್ತ ಒಸರುತ್ತದೆ. ಅಲಕ್ಷಿಸಿದರೆ ಕೆಲವರಲ್ಲಿ ಹಲ್ಲಿನ ಬುಡವೇ ಸಡಿಲಾಗುತ್ತದೆ.

1965ರಲ್ಲಿ ಹರಾಲ್ಡ್ ಲೋ ಮತ್ತು ಸಂಗಡಿಗರು ಡೆನ್ಮಾರ್ಕಿನಲ್ಲಿ ನಡೆಸಿದ ಒಂದು ಪ್ರಯೋಗವನ್ನು ಪ್ರಕಟಿಸಿದರು. 12 ಜನರು ಹಲ್ಲುಜ್ಜುವುದನ್ನು ಬಿಟ್ಟರು. ಸುಮಾರು ಮೂರು ವಾರದೊಳಗೆ ಎಲ್ಲರ ಒಸಡೂ ಬಾತಿತು. ಮತ್ತೆ ಉಜ್ಜತೊಡಗಿದಾಗ ವಾಸಿಯಾಯಿತು. 1970ರಲ್ಲಿ ಇದೇ ಲೋ ಅವರು, ಶಿಯಾಟ್ ಎಂಬವರೊಡನೆ, ಕ್ಲೋರ್‌ಹೆಕ್ಸಿಡೀನ್ ಎಂಬ ಮದ್ದನ್ನು ಪರೀಕ್ಷಿಸಿದರು. ಶೇಕಡಾ 0.2ರ ದ್ರವದಿಂದ ದಿನಕ್ಕೆರಡು ಸಲ ಮುಕ್ಕಳಿಸಿದಾಗ ಪಾಚಿ ಕಟ್ಟಲಿಲ್ಲ. ಈ ಮದ್ದು ಹಲ್ಲಿಗಂಟಿ ನಿಂತು ತಾಸುಗಟ್ಟಲೆ ಕೆಲಸಮಾಡುವುದೇ ಅದರ ಹಿರಿಮೆ. ಆದರೆ ಬಹುದಿನ ಬಳಸಿದರೆ ಹಲ್ಲಿಗೆ ಕಂದುಕಲೆ ಹತ್ತುತ್ತದೆ, ನಾಲಗೆಯ ರುಚಿ ಕೆಡುತ್ತದೆ.

ಆದುದರಿಂದಲೇ ಮದ್ದುಗಳನ್ನು ಕೂಡಿಸುವ ಯುಕ್ತಿ. ಕ್ಲೋರ್‌ಹೆಕ್ಸಿಡೀನನ್ನು ಶೇಕಡಾ 0.05ಕ್ಕೆ, ಎಂದರೆ ಕಾಲುಭಾಗಕ್ಕೆ, ಇಳಿಸಿ, ಅದರೊಡನೆ ಸೆಟೈಲ್‌ಪಿರಿಡಿನಿಯಂ ಎಂಬ ಇನ್ನೊಂದು ಜೀವಾಣುನಾಶಕವನ್ನೂ ಬಾಯಿಯ ದುರ್ಗಂಧ ತಗ್ಗಿಸುವ ಸತುವಿನ ಲವಣವನ್ನೂ ಬೆರೆಸಿದ ದ್ರವಗಳು ಬಂದಿವೆ. ಒಂದರ ಕೊರತೆಯನ್ನು ಇನ್ನೊಂದು ತುಂಬಲಿ ಎಂಬುದೇ ಇಲ್ಲಿಯ ಉದ್ದೇಶ. ಈ ಬಗೆಯ ಕೂಡಿಕೆ ಹಳೆಯದೇ. ಹತ್ತೊಂಬತ್ತನೆಯ ಶತಮಾನದಿಂದಲೂ ಥೈಮಾಲ್, ನೀಲಗಿರಿ ಎಣ್ಣೆಯ ಸತ್ವ, ಮೆಂಥಾಲ್ ಮೊದಲಾದವನ್ನು ಬೆರೆಸಿದ ದ್ರವ ಬಳಕೆಯಲ್ಲಿದೆ. ಥೈಮಾಲ್ ಎಂದರೆ ನಮ್ಮ ಅಡುಗೆಮನೆಯ ಓಂಕಾಳಿಗೆ ಕಟುವಾಸನೆ ಕೊಡುವ ವಸ್ತುವೇ. ಹಾಗೆಂದು ಓಂಕಾಳಿನ ಕಷಾಯವು ಅಳತೆಮಾಡಿ ಬೆರೆಸಿದ ಮದ್ದಿಗೆ ಸಮವೆಂದು ತಿಳಿಯಬಾರದು.

ವ್ಯಾಕರಣದಲ್ಲಿ ಅರಿಸಮಾಸವೆಂಬುದುಂಟು, ಕೂಡಬಾರದ ಪದಗಳು ಕೂಡುವುದು. ಮದ್ದಿನಲ್ಲಿಯೂ ಅದುಂಟು. ಹಲ್ಲುಜ್ಜುವ ಪೇಸ್ಟಿನಲ್ಲಿ ನೊರೆ ಬರಿಸುವ ವಸ್ತುವಿಗೂ ಕ್ಲೋರ್‌ಹೆಕ್ಸಿಡೀನಿಗೂ ವಿದ್ಯುದಂಶ ಪರಸ್ಪರ ವಿರುದ್ಧ. ಎರಡೂ ಬೆಸೆದುಕೊಂಡರೆ ಮದ್ದಿನ ಬಲ ಕುಂದುತ್ತದೆ. ಆದ್ದರಿಂದ ಹಲ್ಲುಜ್ಜಿ, ನೀರಿನಿಂದ ಚೆನ್ನಾಗಿ ತೊಳೆದು, ಅರ್ಧ ತಾಸಾದರೂ ಬಿಟ್ಟು ಮುಕ್ಕಳಿಸಬೇಕು, ನುಂಗಬಾರದು. ಆರು ವರ್ಷದೊಳಗಿನ ಮಕ್ಕಳ ಕೈಗೆ ಕೊಡಬಾರದು.

ಒಂದು ಮಾತು ನೆನಪಿರಲಿ. ಎಷ್ಟು ಮದ್ದು ಬೆರೆತರೂ ಮುಕ್ಕಳಿಸುವುದು ತಿಕ್ಕುವುದಕ್ಕೆ ಸಹಾಯಕವೇ ಹೊರತು ಬದಲಿಯಲ್ಲ. ಗಾರೆಯಂತೆ ಗಟ್ಟಿಯಾದ ಪಾಚಿಯನ್ನು ವೈದ್ಯರೇ ತೆಗೆಯಬೇಕು. ಒಸಡಿನಲ್ಲಿ ರಕ್ತ ಕಂಡರೆ ಬಣ್ಣದ ಬಾಟಲಿಯನ್ನು ಹುಡುಕುವುದಕ್ಕಿಂತ ಮೊದಲು ದಂತವೈದ್ಯರಿಗೆ ತೋರಿಸಿರಿ. ವಿಜಯಪುರದಲ್ಲಿಯೇ ದಂತವೈದ್ಯಕೀಯ ಕಾಲೇಜು ಉಂಟು. ಮಿಸ್ರಿ ಹಚ್ಚಿ ನೋವನ್ನು ಮರೆಯುವವರಿಗಂತೂ ಇದನ್ನು ಮನೆಯವರೇ ತಿಳಿಯಹೇಳಬೇಕು. ತಂಬಾಕು ಒಸಡಿಗೆ ವೈರಿ, ಬಾಯಿಯ ಕ್ಯಾನ್ಸರಿಗೆ ದಾರಿ. ಕಡಲೆ ಇದ್ದಾಗ ಹಲ್ಲಿಲ್ಲವೆಂಬ ಗಾದೆ ನಮ್ಮ ಮನೆಗಳಲ್ಲಿ ನಿಜವಾಗದಿರಲಿ.