ಪಂಚನಾಮೆಯ ಕೆಳಗಿನ ಸಹಿ

ಚಿಗರಿ ಎಂದರೇನೆಂದು ಬೀದರ ಜಿಲ್ಲೆಯ ಶ್ರೋತೃಗಳಿಗೆ ನಾನು ಹೇಳಬೇಕಾಗಿಲ್ಲ. ಗ್ರಂಥಗಳಲ್ಲಿ ಅದನ್ನು ಕೃಷ್ಣಮೃಗವೆಂದು ಕರೆಯುತ್ತಾರೆ. ಗಂಡಿಗೆ ತಿರುಚಿದ ಕೊಂಬು, ಬೆನ್ನೆಲ್ಲ ಕಪ್ಪು, ಹೊಟ್ಟೆಯ ಕೆಳಗೆ ಅಚ್ಚ ಬಿಳುಪು. ಹೆಣ್ಣು ಗೋಧಿಯ ಬಣ್ಣದ್ದು. ದಟ್ಟವಾದ ಅಡವಿ ಅದಕ್ಕೆ ಬೇಡ. ಕಣ್ಣು ಹರಿಯುವಷ್ಟು ದೂರ ನೆಲ ಕಾಣುವ ಬಯಲು ಬೇಕು. ನನ್ನ ಹುಟ್ಟೂರು ಬೇಮಳಖೇಡದ ಸುತ್ತ ಅಂಥ ಬಯಲಿದೆ. ಒಂದೆಡೆ ಎರೆಭೂಮಿ, ಒಂದೆಡೆ ಕೆಂಪು ಮೊರಂ. ಮಳೆ ಬಿದ್ದರೆ ಹೆಸರು, ಉದ್ದು, ತೊಗರಿ. ನಾನು ಹುಡುಗನಾಗಿದ್ದಾಗ ಹುಮನಾಬಾದ ತಾಲೂಕಿನಲ್ಲಿದ್ದ ಆ ಊರು ಈಗ ಚಿಟಗುಪ್ಪ ತಾಲೂಕಿಗೆ ಸೇರಿದೆ. ತಾಲೂಕು ಬದಲಾದ ಸಂಗತಿ ಚಿಗರಿಗಳಿಗೆ ತಿಳಿದಿಲ್ಲ.

ವನ್ಯಮೃಗಗಳ ಕಾಯಿದೆಯನ್ನು ನಡೆಸುವ ಜನರ ಬದುಕನ್ನು ಕುರಿತು ಇಂದು ನಾಲ್ಕು ಮಾತು ಹೇಳಬೇಕೆಂದಿದ್ದೇನೆ. ನಾನು ಕನ್ನಡ ಕಲಿಸಿದವನು; ಕಾಡಿನ ವಿದ್ಯೆ ನನ್ನದಲ್ಲ. ಆದರೂ ಮಾತನಾಡುವುದಕ್ಕೆ ಒಂದು ಕಾರಣವಿದೆ. ಮುಂದೆ ಹೇಳುತ್ತೇನೆ.

ಬೇಟೆಗೆ ಕಟ್ಟಳೆ ಹಾಕುವ ಯೋಚನೆ ನಮ್ಮ ದೇಶಕ್ಕೆ ಹೊಸದೇನಲ್ಲ. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಸೂನಾಧ್ಯಕ್ಷನೆಂಬ ಅಧಿಕಾರಿ ಬರುತ್ತಾನೆ. ಅಭಯವನಗಳಲ್ಲಿರುವ ಮೃಗಪಕ್ಷಿಗಳನ್ನು ಕೊಂದವರಿಗೆ ದಂಡ ಹಾಕುವುದು ಅವನ ಕೆಲಸಗಳಲ್ಲಿ ಒಂದು. ಆಂಗ್ಲರು ಬಂದ ಮೇಲೆ ಬೇಟೆಯ ಪ್ರಾಣಿಗೆ ‘ಗೇಮ್’ ಎಂಬ ಹೆಸರಾಯಿತು, ಆಟ ಎಂದರ್ಥ. ಅದನ್ನು ಕಾಯುವವನು ಗೇಮ್ ವಾರ್ಡನ್. ಯಾರ ಆಟಕ್ಕಾಗಿ ಕಾಯುತ್ತಿದ್ದನೆಂಬುದು ಆ ಹೆಸರಿನಲ್ಲೇ ಇದೆ. ಮೈಸೂರು ಸಂಸ್ಥಾನದಲ್ಲಿ 1901ರಲ್ಲೇ ಬೇಟೆ ಮತ್ತು ಮೀನುಗಳ ರಕ್ಷಣೆಗೆ ಒಂದು ನಿಬಂಧನೆ ಬಂದಿತು. ನಮ್ಮ ಕಡೆ ನಿಜಾಮರ ಆಳಿಕೆ. ಆರನೆಯ ನಿಜಾಮ ಮಹಬೂಬ್ ಅಲಿ ಖಾನರು ಹುಲಿಬೇಟೆಗೆ ಹೆಸರಾದವರು. ಹೀಗೆ ಬಹುಕಾಲದವರೆಗೆ ಕಾಯಿದೆ ಕೇಳಿದ್ದು ಒಂದೇ ಪ್ರಶ್ನೆ: ಕೊಲ್ಲುವ ಹಕ್ಕು ಯಾರಿಗೆ? ಯಾರೂ ಕೊಲ್ಲಕೂಡದು ಎಂಬ ಮಾತು ದೇಶಕ್ಕೆಲ್ಲ ಅನ್ವಯಿಸುವ ಶಾಸನವಾಗಿ ಬಂದದ್ದು 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಲ್ಲಿ. ಅದರ ಮೊದಲನೆಯ ಅನುಸೂಚಿಯಲ್ಲಿ ಹುಲಿಯ ಜೊತೆಗೆ, ನವಿಲಿನ ಜೊತೆಗೆ, ನಮ್ಮ ಹೊಲದ ಬದುವಿನಲ್ಲಿ ನಿಲ್ಲುವ ಚಿಗರಿಯೂ ಸೇರಿತು.

1972 ಎಂದರೆ ನಮ್ಮ ಸೀಮೆಯ ಹಿರಿಯರಿಗೆ ಬರಗಾಲ ನೆನಪಾಗುತ್ತದೆ, ಕಾಯಿದೆಯಲ್ಲ. ದಿಲ್ಲಿಯಲ್ಲಿ ಅಂಥದೊಂದು ಶಾಸನವಾಯಿತೆಂದು ಊರಿನಲ್ಲಿ ಯಾರಿಗೂ ತಿಳಿಯಲಿಲ್ಲ. ಅದಾದ ಮೇಲೂ ಬಹಳ ವರ್ಷ ರಾತ್ರಿಯ ಹೊತ್ತು ಜೀಪುಗಳು ಬರುತ್ತಿದ್ದವು. ಮಾಳಿಗೆಯ ಮೇಲೆ ಮಲಗಿದ ನಾವು ಹುಡುಗರು ಎದ್ದು ಕೂತು ನೋಡುತ್ತಿದ್ದೆವು. ಬಯಲಿನಲ್ಲಿ ಒಂದು ದೊಡ್ಡ ದೀಪ ಅತ್ತಿಂದಿತ್ತ ಹರಿದಾಡುವುದು, ಒಂದು ಕಡೆ ನಿಲ್ಲುವುದು, ಆಮೇಲೆ ಸದ್ದು. ಬೆಳಕಿಗೆ ಸಿಕ್ಕಿದ ಚಿಗರಿ ಓಡುವುದಿಲ್ಲ. ಕಣ್ಣು ಮಿನುಗಿಸುತ್ತ ನಿಂತುಬಿಡುತ್ತದೆ. ಹಗಲಿನಲ್ಲಿ ಯಾವ ಕುದುರೆಗೂ ಸಿಗದ ಓಟದ ಪ್ರಾಣಿಯನ್ನು ರಾತ್ರಿ ಕುಳಿತಲ್ಲಿಂದಲೇ ಕೊಲ್ಲಬಹುದು. ಅದನ್ನು ಶೌರ್ಯವೆಂದು ಕರೆಯುತ್ತಿದ್ದರು.

ಇನ್ನು ನನ್ನ ಸಂಗತಿ. 1986ರ ದೀಪಾವಳಿಯ ರಜೆ. ನಾನು ಕಾಲೇಜೊಂದರಲ್ಲಿ ಹೊಸದಾಗಿ ಉಪನ್ಯಾಸಕನಾಗಿದ್ದೆ, ಊರಿಗೆ ಬಂದಿದ್ದೆ. ನಸುಕಿನಲ್ಲಿ ಅರಣ್ಯ ಇಲಾಖೆಯ ಗಾರ್ಡ್ ಒಬ್ಬರು ಸೈಕಲ್ ತಳ್ಳಿಕೊಂಡು ನಮ್ಮ ಕಟ್ಟೆಯ ಮುಂದೆ ನಿಂತರು. ಖಾಕಿ ಅಂಗಿ, ಕೈಯಲ್ಲಿ ಒಂದು ಬಡಿಗೆ. ಅವರಿಗಿದ್ದ ಆಯುಧ ಅಷ್ಟೇ. ಸೈಕಲ್ಲಿನ ಹಿಂದೆ ಒಂದು ಗೋಣಿಚೀಲ, ಅದರ ಮೂಲೆಯಿಂದ ಕೆಂಪಗೆ ತೊಟ್ಟಿಕ್ಕುತ್ತಿತ್ತು. ಊರ ಹೊರಗಿನ ನಾಲೆಯ ಬಳಿ ಜೀಪು ಕೆಸರಿಗೆ ಸಿಕ್ಕಿಕೊಂಡಿದೆ, ಮೂವರು ಸಿಕ್ಕಿದ್ದಾರೆ, ಹೆಸರು ಬರೆದುಕೊಂಡಿದ್ದೇನೆ, ಪಂಚನಾಮೆಗೆ ಇಬ್ಬರು ಪಂಚರು ಬೇಕು ಎಂದರು.

“ಸರ್, ಊರಾಗ ಓದಿದವರು ನೀವು. ಇಲ್ಲಿ ಒಂದು ಸಹಿ ಮಾಡ್ರಿ. ಹೆಬ್ಬೆಟ್ಟು ಕೋರ್ಟಿನಾಗ ನಿಲ್ಲಲ್ರಿ.”

ನಾನು ಅವರ ಜೊತೆ ನಾಲೆಯವರೆಗೆ ಹೋದೆ. ಜೀಪನ್ನು ಕಂಡೆ, ದೀಪವನ್ನು ಕಂಡೆ, ಚಿಗರಿಯ ಕೊಂಬಿನ ತಲೆಯನ್ನೂ ಕಂಡೆ. ಮೂವರಲ್ಲಿ ಒಬ್ಬರು ನನ್ನ ತಂದೆಯವರು ಸೊಸೈಟಿಯಲ್ಲಿ ತೆಗೆದ ಸಾಲಕ್ಕೆ ಜಾಮೀನು ನಿಂತವರು. ಅವರು ನನ್ನನ್ನು ನೋಡಿ ನಕ್ಕರು. ನಾನು ಗಾರ್ಡರಿಗೆ, ನಾಳೆಯೇ ಕಾಲೇಜಿಗೆ ಹೋಗಬೇಕು, ತಾರೀಖಿಗೆ ಬರಲಾಗುವುದಿಲ್ಲ ಎಂದೆ. ಕಾಲೇಜು ತೆರೆಯಲು ಇನ್ನೂ ಆರು ದಿನವಿತ್ತು. ಅವರು ನನ್ನ ಮುಖವನ್ನು ಒಂದು ಗಳಿಗೆ ನೋಡಿ, “ಆಗಲ್ರಿ” ಎಂದು ಕಾಗದ ಮಡಿಚಿಕೊಂಡರು.

ಆಮೇಲೆ ಆದದ್ದು ಊಹಿಸಬಹುದಾದದ್ದೇ. ಕೂಲಿಗೆ ಹೊರಟಿದ್ದ ಇಬ್ಬರಿಂದ ಹೆಬ್ಬೆಟ್ಟು ಒತ್ತಿಸಿಕೊಂಡರು. ನ್ಯಾಯಾಲಯದಲ್ಲಿ ಆ ಇಬ್ಬರೂ, ಕಾಗದದಲ್ಲಿ ಏನಿತ್ತೋ ನಮಗೆ ಗೊತ್ತಿಲ್ಲ ಎಂದರು. ಮೊದಲನೆಯ ಅನುಸೂಚಿಯ ಪ್ರಾಣಿಯನ್ನು ಕೊಂದವರಿಗೆ ಕನಿಷ್ಠ ಆರು ತಿಂಗಳ, ಗರಿಷ್ಠ ಆರು ವರ್ಷದ ಸಜೆಯನ್ನು 1972ರ ಕಾಯಿದೆ ಇಟ್ಟಿತ್ತು. ಆರು ತಾಸಿನ ಸಜೆಯೂ ಆಗಲಿಲ್ಲ. ಗಾರ್ಡರಿಗೆ ವರ್ಗವಾಯಿತು. ಅವರ ಹೆಸರನ್ನು ನಾನು ಆಗ ಕೇಳಿರಲಿಲ್ಲ.

ಆ ದಿನಗಳಲ್ಲಿ ನಾನು ತರಗತಿಯಲ್ಲಿ ಪಾಠ ಹೇಳುತ್ತಿದ್ದುದು ಯಾವುದನ್ನೆಂದು ಬಲ್ಲಿರಾ? ರಾಘವಾಂಕನ ಹರಿಶ್ಚಂದ್ರ ಕಾವ್ಯವನ್ನು. ಸತ್ಯವನ್ನು ಬಿಡದ ದೊರೆಯ ಕಥೆಯನ್ನು ನಾನು ಮೂವತ್ತಕ್ಕೂ ಹೆಚ್ಚು ವರ್ಷ ಹೇಳಿದೆ. ವಿದ್ಯಾರ್ಥಿಗಳ ಕಣ್ಣಲ್ಲಿ ನೀರು ಬರಿಸಿದೆ. ಆ ಕಾವ್ಯದಲ್ಲಿ ಬೇಟೆಯ ಪ್ರಸಂಗವೂ ಇದೆ. ವಿಶ್ವಾಮಿತ್ರ ಸೃಷ್ಟಿಸಿದ ಮೃಗಗಳು ಬೆಳೆಯನ್ನು ಹಾಳುಮಾಡುತ್ತವೆ, ಪ್ರಜೆಗಳು ದೂರು ತರುತ್ತಾರೆ, ದೊರೆ ಬೇಟೆಗೆ ಹೊರಡುತ್ತಾನೆ. ಬೆಳೆ ತಿನ್ನುವ ಮೃಗದ ಪ್ರಶ್ನೆ ಎಷ್ಟು ಹಳೆಯದು ನೋಡಿ. ಅದಕ್ಕೆ ಮತ್ತೆ ಬರುತ್ತೇನೆ.

ಪೊಲೀಸರ ಕೆಲಸಕ್ಕೂ ಕಾಡಿನ ಕಾವಲುಗಾರನ ಕೆಲಸಕ್ಕೂ ಒಂದು ಮುಖ್ಯವಾದ ಭೇದವಿದೆ. ಮನುಷ್ಯನ ಕೊಲೆಯಾದರೆ ಸತ್ತವನ ಕಡೆಯವರು ದೂರು ಕೊಡುತ್ತಾರೆ, ಅಳುತ್ತಾರೆ, ನ್ಯಾಯಾಲಯಕ್ಕೆ ಎಡತಾಕುತ್ತಾರೆ. ಚಿಗರಿ ಸತ್ತರೆ ದೂರು ಕೊಡುವವನೂ ಹಿಡಿಯುವವನೂ ಸಾಕ್ಷ್ಯ ಕೂಡಿಸುವವನೂ ಆ ಒಬ್ಬ ಗಾರ್ಡನೇ. ಚರ್ಮವನ್ನೂ ತಲೆಯನ್ನೂ ಹೂತುಬಿಟ್ಟರೆ ಉಳಿಯುವುದು ಮಾಂಸ. ಅದು ಕುರಿಯದೆಂದು ವಾದಿಸುತ್ತಿದ್ದರು. ಈಗ ಆ ವಾದ ನಡೆಯುವುದಿಲ್ಲ. ಹೈದರಾಬಾದಿನ ಕೋಶೀಯ ಮತ್ತು ಆಣ್ವಿಕ ಜೀವವಿಜ್ಞಾನ ಕೇಂದ್ರದ ಪ್ರಯೋಗಶಾಲೆಯಲ್ಲಿ ಬೇಯಿಸಿದ ತುಣುಕಿನಿಂದಲೂ ಪ್ರಾಣಿ ಯಾವುದೆಂದು ಹೇಳಬಲ್ಲರು. ಆದರೆ ಚೀಲ ಯಾರ ಕೈಯಲ್ಲಿತ್ತೆಂದು ಯಾವ ಪ್ರಯೋಗಶಾಲೆಯೂ ಹೇಳಲಾರದು. ಅದಕ್ಕೆ ಕಂಡವರೊಬ್ಬರು ಬೇಕು.

ಕಂಡದ್ದನ್ನು ಹೇಳಿದವರೂ ಇದ್ದಾರೆ. 1998ರ ಅಕ್ಟೋಬರಿನಲ್ಲಿ ರಾಜಸ್ಥಾನದ ಜೋಧಪುರದ ಬಳಿಯ ಕಂಕಾಣಿ ಗ್ರಾಮದಲ್ಲಿ ಎರಡು ಕೃಷ್ಣಮೃಗಗಳು ಗುಂಡಿಗೆ ಬಲಿಯಾದವು. ಆರೋಪ ಬಂದದ್ದು ದೇಶಕ್ಕೆಲ್ಲ ಗೊತ್ತಿರುವ ಚಿತ್ರನಟರೊಬ್ಬರ ಮೇಲೆ. ಸಾಕ್ಷಿ ನಿಂತವರು ಬಿಷ್ಣೋಯಿ ಪಂಥದ ಹಳ್ಳಿಯ ಜನ. ಸುಮಾರು ಇಪ್ಪತ್ತು ವರ್ಷ ಅವರು ತಮ್ಮ ಮಾತನ್ನು ಬದಲಿಸಲಿಲ್ಲ. 2018ರ ಏಪ್ರಿಲಿನಲ್ಲಿ ಜೋಧಪುರದ ನ್ಯಾಯಾಲಯ ಐದು ವರ್ಷಗಳ ಶಿಕ್ಷೆ ವಿಧಿಸಿತು. ಎರಡೇ ದಿನದಲ್ಲಿ ಜಾಮೀನಾಯಿತು ಎಂಬುದೂ ನಿಜ. ಆ ತೀರ್ಪು ಬಂದ ದಿನ ನಾನು ವಾರ್ತೆಯನ್ನು ಪೂರ್ತಿ ಕೇಳಲಾರದೆ ರೇಡಿಯೊ ಆರಿಸಿದೆ.

ನನ್ನ ವಿದ್ಯಾರ್ಥಿಯೊಬ್ಬ ಅರಣ್ಯ ಇಲಾಖೆ ಸೇರಿ ಬಂಡೀಪುರಕ್ಕೆ ಹೋದ. ನಮ್ಮ ಬಯಲುಸೀಮೆಯ ಎಷ್ಟೋ ಹುಡುಗರು ಹೀಗೆ ತೆಂಕಣ ಕಾಡುಗಳಿಗೆ ನೌಕರಿಗೆ ಹೋಗುತ್ತಾರೆ. ಆನೆಯನ್ನು ಮೊದಲ ಸಲ ನೋಡುವುದೇ ಕೆಲಸಕ್ಕೆ ಸೇರಿದ ಮೇಲೆ. ನಿವೃತ್ತನಾದ ಮೇಲೆ ನಾನು ಗುಂಡ್ಲುಪೇಟೆಯ ಕಡೆ ಹೋಗಿದ್ದಾಗ ಅವನ ಮನೆಯಲ್ಲಿ ಎರಡು ದಿನವಿದ್ದೆ. ಕಾಡಿನೊಳಗೆ ಕಳ್ಳಬೇಟೆ ತಡೆ ಶಿಬಿರವೆಂದು ಒಂದೆರಡು ಕೋಣೆಯ ಮನೆ ಇರುತ್ತದಂತೆ, ಸುತ್ತ ಆನೆ ದಾಟದ ಕಂದಕ. ಅಕ್ಕಿ, ಬೇಳೆ ಹೊತ್ತು ಒಯ್ಯಬೇಕು. ಜೊತೆಗೆ ಜೇನುಕುರುಬರೋ ಸೋಲಿಗರೋ ಆದ ವಾಚರುಗಳು; ಕಾಡನ್ನು ಓದಬಲ್ಲವರು ಅವರು, ಕೆಲಸ ಮಾತ್ರ ಹಂಗಾಮಿ. ಬೆಳಿಗ್ಗೆ ಎದ್ದು ಮೈಲಿಗಟ್ಟಲೆ ನಡಿಗೆ. ಹೆಜ್ಜೆಗುರುತು, ಲದ್ದಿ, ಮುರಿದ ಟೊಂಗೆ ನೋಡುವುದು. ಪೊದೆಯ ಬುಡದಲ್ಲಿ ತಂತಿಯ ಉರುಳಿದೆಯೇ ಎಂದು ಬಗ್ಗಿ ಬಗ್ಗಿ ಹುಡುಕುವುದು. ಜಿಂಕೆಗೆಂದು ಇಟ್ಟ ಉರುಳಿಗೆ ಹುಲಿಯ ಕಾಲೂ ಸಿಕ್ಕುತ್ತದೆ. ಬೇಸಿಗೆ ಬಂದರೆ ಬೆಂಕಿ. 2017ರ ಫೆಬ್ರುವರಿಯಲ್ಲಿ ಬಂಡೀಪುರದ ಬೆಂಕಿಯನ್ನು ಆರಿಸಲು ಹೋದ ಗಾರ್ಡ್ ಒಬ್ಬರು ಅಲ್ಲಿಯೇ ಸುಟ್ಟು ಸತ್ತರು. ಇನ್ನೂ ಮೂವತ್ತು ತುಂಬದ ಹುಡುಗ.

ನಾಗರಹೊಳೆಯ ಕೆ. ಎಂ. ಚಿಣ್ಣಪ್ಪನವರ ಮಾತು ಅಲ್ಲಿ ಬಂತು. 1967ರಿಂದ 1993ರವರೆಗೆ ಅವರು ಆ ಕಾಡಿನಲ್ಲಿ ದುಡಿದರು. ಕಳ್ಳಬೇಟೆಗಾರರನ್ನು ಹಗಲಿರುಳು ಬೆನ್ನಟ್ಟಿದರು. ಕೊಲೆಯ ಆರೋಪ ಹೊತ್ತು ಸೆರೆಮನೆಯನ್ನೂ ಕಂಡರು, ಆರೋಪ ನಿಲ್ಲಲಿಲ್ಲ. 1992ರಲ್ಲಿ ಜನ ರೊಚ್ಚಿಗೆದ್ದು ಕಾಡಿಗೇ ಬೆಂಕಿಯಿಟ್ಟರು. ಅವರು 2024ರಲ್ಲಿ ತೀರಿಕೊಂಡರು. ಶ್ರೀಗಂಧದ ಕಳ್ಳನನ್ನು ಶರಣಾಗತಿಗೆ ಒಪ್ಪಿಸಬಹುದೆಂದು ನಂಬಿ ಆಯುಧವಿಲ್ಲದೆ ಹೋದ ಪಿ. ಶ್ರೀನಿವಾಸ್ 1991ರ ನವೆಂಬರ್ 10ರಂದು ಹತರಾದುದನ್ನು ನೀವೆಲ್ಲ ಬಲ್ಲಿರಿ. ಗೋಪಿನಾಥಂ ಗ್ರಾಮದವರಿಗೆ ಅವರು ಗುಡಿ ಕಟ್ಟಿಸಿಕೊಟ್ಟಿದ್ದರು. ಕಾಡು ಕಾಯುವವನು ಊರನ್ನೂ ಗೆಲ್ಲಬೇಕೆಂದು ಅವರಿಗೆ ತಿಳಿದಿತ್ತೆಂದು ಕಾಣುತ್ತದೆ.

ಹೊರಡುವಾಗ ನನ್ನ ವಿದ್ಯಾರ್ಥಿಯನ್ನು, ಈ ಕೆಲಸದಲ್ಲಿ ನಿನಗೆ ಯಾವುದರ ಅಂಜಿಕೆ ಹೆಚ್ಚು ಎಂದು ಕೇಳಿದೆ. ಅವನು, “ಆನಿ ಬಂದರ ಹಾದಿ ಬಿಟ್ಟು ನಿಲ್ಲಬಹುದು ಸರ್. ಸಾಕ್ಷಿ ಹೇಳದ ಊರಿಗೆ ಏನು ಮಾಡೋದ್ರಿ?” ಎಂದ. ನನ್ನ 1986ರ ಸಂಗತಿ ಅವನಿಗೆ ಗೊತ್ತಿರಲಿಲ್ಲ. ನಾನೂ ಹೇಳಲಿಲ್ಲ. ಇಂದು ನಿಮ್ಮ ಜೊತೆ ಅವನೂ ಮೊದಲ ಸಲ ಕೇಳುತ್ತಿದ್ದಾನೆ.

ಕೊನೆಗೆ ಇನ್ನೊಂದು ಸಂಗತಿ. ನಾನೀಗ ಬೇಮಳಖೇಡದಲ್ಲೇ ಇದ್ದೇನೆ. ಕೆಲವು ಕಾಲದ ಕೆಳಗೆ ಒಂದು ಮುಂಜಾನೆ ಮತ್ತೆ ಖಾಕಿಯವರು ಮನೆಗೆ ಬಂದರು. ಈ ಸಲ ಬಂದವರು ಉಪ ವಲಯ ಅರಣ್ಯಾಧಿಕಾರಿ, ಇಪ್ಪತ್ತಾರು ಇಪ್ಪತ್ತೇಳರ ಹೆಣ್ಣುಮಗಳು. ನೆರೆಹೊಲದ ರೈತನೊಬ್ಬ ತೊಗರಿಯ ಸುತ್ತ ತಂತಿ ಎಳೆದು, ಪಂಪಿನ ಲೈನಿನಿಂದ ಕರೆಂಟು ಕೊಟ್ಟಿದ್ದ. ಗಂಡು ಚಿಗರಿಯೊಂದು ತಂತಿಗೆ ಬಿದ್ದು ಸತ್ತಿತ್ತು. ಆ ರೈತನಿಗೆ ಇರುವುದು ಎರಡೂವರೆ ಎಕರೆ. ಮೊದಲು ಬಿತ್ತಿದ್ದನ್ನು ಚಿಗರಿಗಳು ಮೊಳಕೆಯಲ್ಲೇ ಮೇಯ್ದಿದ್ದವು. ಸಾಲ ಮಾಡಿ ಎರಡನೆಯ ಸಲ ಬಿತ್ತಿದ್ದ. ಬೆಳೆಹಾನಿಗೆ ಪರಿಹಾರವಿದೆಯೆಂದು ನಾವು ಹೇಳುತ್ತೇವೆ. ಪಹಣಿ, ಫೋಟೊ ಹಿಡಿದು ಕಚೇರಿಗೆ ಓಡಾಡುವಷ್ಟರಲ್ಲಿ ಹಂಗಾಮು ಮುಗಿದಿರುತ್ತದೆ. ಕಾಯಿದೆ ಈಗ ಮೊದಲಿಗಿಂತ ಬಿಗಿ: ಕನಿಷ್ಠ ಮೂರು ವರ್ಷ, ಗರಿಷ್ಠ ಏಳು ವರ್ಷ ಸಜೆ; 2022ರ ತಿದ್ದುಪಡಿಯ ಪ್ರಕಾರ ದಂಡ 25,000 ರೂಪಾಯಿಗೆ ಕಡಿಮೆಯಿಲ್ಲ. ಜೀಪಿನವರಿಗೆ ತಪ್ಪಿದ ಶಿಕ್ಷೆ ಈ ಎರಡೂವರೆ ಎಕರೆಯವನಿಗೆ ಬರಲು ನನ್ನ ಸಹಿ ಬೇಕಾಗಿತ್ತು.

ಆ ಹೆಣ್ಣುಮಗಳು ಪಂಚನಾಮೆಯನ್ನು ಗಟ್ಟಿಯಾಗಿ ಓದಿದಳು. ಹೊಲದಲ್ಲಿ ಮೇಯ್ದು ಹೋದ ಸಾಲುಗಳಿವೆ, ಅದನ್ನೂ ಬರೆಯಿರಿ ಎಂದೆ. “ಬರೀಬೇಕಲ್ರಿ ಸರ್, ಕಂಡದ್ದು ಎಲ್ಲಾ ಬರೀಬೇಕು” ಎಂದು ಬಗ್ಗಿ ಸಾಲುಗಳನ್ನು ಎಣಿಸಿದಳು. ಹನ್ನೊಂದು ಸಾಲು. ಅಷ್ಟನ್ನೂ ಬರೆದ ಮೇಲೆ ನಾನು ಸಹಿ ಮಾಡಿದೆ. ರೈತ ಬದುವಿನ ಮೇಲೆ ಕುಳಿತಿದ್ದ. ರಾತ್ರಿ ಆ ತಂತಿಗೆ ತನ್ನ ಮಗನೇ ಬಿದ್ದಿದ್ದರೆ ಏನಾಗುತ್ತಿತ್ತೆಂದು ಅವನೇ ಒಂದೆರಡು ಸಲ ಹೇಳಿಕೊಂಡ. ನನ್ನ ಕಡೆ ನೋಡಲಿಲ್ಲ.

ಮೊಕದ್ದಮೆ ಇನ್ನೂ ನಡೆಯುತ್ತಿದೆ. ತಾರೀಖಿನ ದಿನ ನಮ್ಮೂರಿನಿಂದ ಹುಮನಾಬಾದಿಗೆ ನಾವಿಬ್ಬರೂ ಹೋಗುವುದು ಒಂದೇ ಬಸ್ಸಿಗೆ. ಬೆಳಗಿನ ಹೊತ್ತು ಬೇರೆ ಬಸ್ಸು ಅನುಕೂಲವಿಲ್ಲ. ಮೊದಲ ಎರಡು ಸಲ ಅವನು ಹಿಂದಿನ ಬಾಗಿಲ ಬಳಿ ನಿಂತ, ನಾನು ಮುಂದೆ ಕುಳಿತೆ. ಕಳೆದ ಸಲ ಬಸ್ಸು ಕಿಕ್ಕಿರಿದಿತ್ತು. ಅವನು ನನಗಿಂತ ಮೊದಲೇ ಹತ್ತಿ, ಕಿಟಕಿಯ ಪಕ್ಕದ ಜಾಗದ ಮೇಲೆ ತನ್ನ ಟವೆಲು ಹಾಕಿ ಹಿಡಿದಿದ್ದ. “ಮಾಸ್ತರ್ರ, ಇಲ್ಲಿ ಕೂಡ್ರಿ” ಎಂದ. ಹುಮನಾಬಾದು ಬರುವವರೆಗೆ ಇಬ್ಬರೂ ಮಳೆಯ ಮಾತನ್ನೇ ಆಡಿದೆವು.