ಹಳೆಯ ಕೋವಿಯೂ ಹಳೆಯ ನೆನಪೂ



ದಂಡಿನ ಚಾಕರಿ ಮುಗಿಸಿ ಮೂಲೆ ಸೇರಿದ ಬಂದೂಕಿನ ಮೇಲೆ ಮನುಷ್ಯನಿಗೆ ಮಮತೆ ಏತಕ್ಕೆ? ಈ ಪ್ರಶ್ನೆಯನ್ನು ಇಂದು ತಮ್ಮ ಮುಂದಿಡುತ್ತೇನೆ. ಅಹಿಂಸೆಯನ್ನು ನಂಬಿ ಹೋರಾಡಿದ ನಾಡಿನಲ್ಲಿ ಈ ಮಾತು ಸಲ್ಲದೆಂದು ಕೆಲವರು ಹೇಳಿಯಾರು. ಆದರೆ ಕೋವಿಯ ಚರಿತ್ರೆಯನ್ನು ತಿಳಿಯದೆ ನಮ್ಮ ನಿರಾಯುಧ ಸ್ಥಿತಿಯ ಚರಿತ್ರೆಯು ತಿಳಿಯಲಾರದು.

1853ರ ಎನ್‌ಫೀಲ್ಡ್ ಕೋವಿಗೆ ಮದ್ದುಗುಂಡುಗಳನ್ನು ಬಾಯಿಯಿಂದ ತುಂಬಬೇಕಾಗಿತ್ತು. ಅದರ ಕೊಬ್ಬು ಸವರಿದ ತೋಟಾಗಳೇ 1857ರ ದಂಗೆಗೆ ಕಿಡಿಯಾದುವೆಂಬುದು ಸರ್ವವಿದಿತ. ಅನಂತರ ಹಿಂಬದಿಯಿಂದ ತುಂಬುವ ಸ್ನೈಡರ್, 1871ರಲ್ಲಿ ಮಾರ್ಟಿನಿ-ಹೆನ್ರಿ, 1895ರಲ್ಲಿ ಲೀ-ಎನ್‌ಫೀಲ್ಡ್ ಬಂದುವು. ಈ ಕೊನೆಯದರ ನಳಿಗೆಯ ಒಳ ಅಳತೆಯು ಅಂಗುಲದ ಸಾವಿರದಲ್ಲಿ 303 ಭಾಗ. ಅದರಿಂದಲೇ ಜನರ ಬಾಯಲ್ಲಿ ಅದು 'ತ್ರೀ ನಾಟ್ ತ್ರೀ' ಆಯಿತು. ದಂಗೆಯ ತರುವಾಯ ಆಳರಸರು ಹೊಸ ಕೋವಿಯನ್ನು ಮೊದಲು ಬಿಳಿಯ ಸಿಪಾಯಿಗೆ ಕೊಟ್ಟು, ಅವನು ಬಿಟ್ಟುದನ್ನು ಹಿಂದೀ ಸಿಪಾಯಿಗೆ ಕೊಡುವ ಪದ್ಧತಿಯನ್ನಿಟ್ಟುಕೊಂಡರು. ಗೋರನ ಕೈಯಲ್ಲಿ ಮಾರ್ಟಿನಿ ಇದ್ದಾಗ ನಮ್ಮವನ ಕೈಯಲ್ಲಿ ಸ್ನೈಡರ್! ಹಳೆಯ ಕೋವಿಯೆಂಬುದು ಅಂದು ಅಪನಂಬಿಕೆಯ ಅಳತೆಗೋಲಾಗಿತ್ತು.

ಸಿಪಾಯಿಯ ಗತಿ ಹೀಗಾದರೆ ಪ್ರಜೆಯ ಗತಿ ಏನು? 1857ರಲ್ಲಿ ಆಯುಧಗಳನ್ನು ಒಪ್ಪಿಸಬೇಕೆಂಬ ಆಜ್ಞೆಯನ್ನು ಮುಧೋಳ ಸಂಸ್ಥಾನದ ಹಲಗಲಿಯ ಬೇಡರು ಧಿಕ್ಕರಿಸಿದರು. ಅವರ ಊರು ಉರಿಯಿತು, ಮುಂದಾಳುಗಳು ಗಲ್ಲಿಗೇರಿದರು, ಲಾವಣಿಯೊಂದು ಮಾತ್ರ ಉಳಿಯಿತು. 1878ರ ಆಯುಧಗಳ ಕಾಯಿದೆಯು ಹಿಂದೀ ಪ್ರಜೆಯು ಪರವಾನಗಿ ಬೇಡಬೇಕೆಂದಿತು. ಯುರೋಪಿಯನ್ನರಿಗೆ ವಿನಾಯಿತಿ ದೊರೆಯಿತು. ಈ ಪಕ್ಷಪಾತದ ನೋವಿನಿಂದಲೇ 1931ರ ಕರಾಚಿ ಕಾಂಗ್ರೆಸ್ಸು, ನಿಯಮಗಳಿಗೆ ಒಳಪಟ್ಟು ಆಯುಧವನ್ನಿರಿಸಿಕೊಳ್ಳುವುದನ್ನು ಮೂಲಭೂತ ಹಕ್ಕುಗಳಲ್ಲಿ ಸೇರಿಸಿತು. ಮಂಗಳೂರಿನಲ್ಲಿ ಜನಿಸಿದ ಹರಿ ವಿಷ್ಣು ಕಾಮತರು 1948ರ ಡಿಸೆಂಬರಿನಲ್ಲಿ ಸಂವಿಧಾನ ಸಭೆಯ ಮುಂದೆ ಅದನ್ನೇ ತಿದ್ದುಪಡಿಯಾಗಿ ತಂದರು. ಸಭೆಯು ಒಪ್ಪಲಿಲ್ಲ. ಆಯುಧವು ನಮ್ಮಲ್ಲಿ ಹಕ್ಕಲ್ಲ, ಅನುಮತಿ.

ಕನ್ನಡ ನಾಡಿನಲ್ಲಿ ಇದಕ್ಕೊಂದು ಅಪವಾದವುಂಟು. 1861ರಲ್ಲಿ ಕಮಿಷನರ್ ಮಾರ್ಕ್ ಕಬ್ಬನ್ ಕೊಡಗರಿಗೆ ಕೊಟ್ಟ ವಿನಾಯಿತಿಯು 1959ರ ಹೊಸ ಕಾಯಿದೆಯ ಕಾಲದಲ್ಲಿಯೂ ಮುಂದುವರಿದಿದೆ. ಕೈಲ್‌ಪೊಳ್ದ್ ಹಬ್ಬದಲ್ಲಿ ಅವರು ಕೋವಿಯನ್ನು ತೊಳೆದು, ತೋಕ್ ಪೂವಿನಿಂದ ಸಿಂಗರಿಸಿ ಪೂಜಿಸುವರು. ಗಂಡುಮಗು ಹುಟ್ಟಿದರೆ ಒಂದು ಗುಂಡು, ಮನೆಯವರು ತೀರಿದರೆ ಎರಡು. ಅಲ್ಲಿ ಕೋವಿಯು ಬರಿಯ ಆಯುಧವಲ್ಲ, ಮನೆತನದ ನಾಲಗೆ.

ಹಾಗೆಂದು ಕೋವಿಯ ಎಲ್ಲ ನೆನಪೂ ಸಿಹಿಯಲ್ಲ. 1919ರ ಏಪ್ರಿಲ್ 13ರಂದು ಜಲಿಯನ್‌ವಾಲಾ ಬಾಗಿನಲ್ಲಿ ಹಾರಿದ 1650 ಗುಂಡುಗಳು ಈ 303ರವೇ. ಹಾರಿಸಿದ ಕೈಗಳೂ ಹಿಂದೂಸ್ಥಾನದ ದಂಡಿನವೇ. ಅದೇ ಕೋವಿಯನ್ನು ಹಿಡಿದು ನಮ್ಮ ಜವಾನರು 1947-48ರಲ್ಲಿ ಕಾಶ್ಮೀರವನ್ನು ಕಾದರು. 1962ರಲ್ಲಿ ಹಿಮದಲ್ಲಿ ನಿಂತು ಕಾದಿದರು. ಬಂಗಾಳದ ಈಶಾಪುರದ ಕಾರ್ಖಾನೆಯಲ್ಲಿ ನಮ್ಮ ಕುಶಲಿಗಳೇ ಅದನ್ನು ತಯಾರಿಸಿದರು. ಸೈನ್ಯವು ಬಿಟ್ಟ ಮೇಲೆ ಪೋಲೀಸರ ಹೆಗಲೇರಿದ ಅದಕ್ಕೆ, 2020ರ ಗಣರಾಜ್ಯ ದಿನದಂದು ಉತ್ತರ ಪ್ರದೇಶದ ಪೋಲೀಸರು ಕವಾಯತಿನಲ್ಲಿ ಬೀಳ್ಕೊಡುಗೆ ಕೊಟ್ಟರು. ಕೋವಿಗೆ ಪಾಪವೂ ಇಲ್ಲ, ಪುಣ್ಯವೂ ಇಲ್ಲ, ಎರಡೂ ಹಿಡಿದವನವು.

ಇನ್ನು ಕರ್ತವ್ಯದ ಮಾತು. 2019ರ ತಿದ್ದುಪಡಿಯಂತೆ ಪರವಾನಗಿಯುಳ್ಳವನು ಮೂರರ ಬದಲು ಎರಡೇ ಬಂದೂಕುಗಳನ್ನು ಇಟ್ಟುಕೊಳ್ಳಬಹುದು. ಅಜ್ಜನಿಂದ ಬಂದುದೂ ಈ ಲೆಕ್ಕದೊಳಗೇ. ಕಾಯಿದೆಯನ್ನು ನಾವು ನಡೆಸಿಕೊಡಲೇಬೇಕು. ಆದರೆ ಮನೆಯಿಂದ ಹೊರಡುವ ಕೋವಿಯ ಸಂಗಡ ಅದರ ಕಥೆಯೂ ಹೊರಟುಹೋಗಬಾರದು. ಅದು ಯಾರದು, ಯಾವ ಪಲ್ಟನ್ನಿನದು, ಯಾವ ಯುದ್ಧದ್ದು ಎಂಬುದನ್ನು ಇಂದೇ ಬರೆದಿಡಿರಿ. ಸರಕಾರವೂ ನಿವೃತ್ತ ಕೋವಿಗಳನ್ನೆಲ್ಲ ಕರಗಿಸದೆ, ಕೆಲವನ್ನಾದರೂ ಗುಂಡು ಹಾರದಂತೆ ಮಾಡಿ ಜಿಲ್ಲೆಯ ವಸ್ತುಸಂಗ್ರಹಾಲಯಗಳಲ್ಲಿ ಇರಿಸಲಿ. ಹಲಗಲಿಯಲ್ಲಿ ಒಂದನ್ನು ಇಡಲಿ. ನಮ್ಮ ಹಿರಿಯರಿಂದ ಏನನ್ನು ಕಸಿದುಕೊಳ್ಳಲಾಯಿತು, ಅವರು ಅದಕ್ಕಾಗಿ ಏನನ್ನು ತೆತ್ತರು ಎಂಬುದನ್ನು ಮಕ್ಕಳು ಕಣ್ಣಾರೆ ಕಂಡು ತಿಳಿಯಲಿ.