ಬ್ರೇಕ್ ಪ್ಯಾಡ್, ಡಿಸ್ಕ್ ಯಾವಾಗ ಬದಲಾಯಿಸ್ಬೇಕು? ಗಾಡಿ ಮೊದಲೇ ಹೇಳಿರುತ್ತೆ

ಇವತ್ತು ಒಂದು ಸದ್ದಿನ ಕಥೆಯಿಂದ ಶುರು ಮಾಡ್ತೀನಿ.

ಎರಡು ವರ್ಷದ ಹಿಂದೆ ಅಪ್ಪ ಅಮ್ಮನ್ನ ಕರ್ಕೊಂಡು ಧರ್ಮಸ್ಥಳಕ್ಕೆ ಹೊರಟಿದ್ದೆ. ನಮ್ಮದು ಹಳೇ ಹ್ಯಾಚ್‌ಬ್ಯಾಕ್. ಹೊರಡೋಕೆ ಮೂರು ವಾರ ಮುಂಚಿನಿಂದ್ಲೂ ಬ್ರೇಕ್ ಒತ್ತಿದಾಗೆಲ್ಲ ಮುಂದಿನ ಎಡಗಡೆ ಚಕ್ರದಿಂದ 'ಕಿಂಯ್' ಅಂತ ಸದ್ದು ಬರ್ತಿತ್ತು. ನಾನೇನು ಮಾಡಿದೆ ಗೊತ್ತಾ? ಹಾಡಿನ ವಾಲ್ಯೂಮ್ ಜಾಸ್ತಿ ಮಾಡಿದೆ. ಬಿ.ಕಾಂ. ಓದಿದವನು ನೋಡಿ, ಈ ತಿಂಗಳ ಖರ್ಚನ್ನ ಮುಂದಿನ ತಿಂಗಳಿಗೆ ತಳ್ಳಿದ್ರೆ ಅದೇ ಉಳಿತಾಯ ಅಂದ್ಕೊಂಡಿದ್ದೆ.

ಕೊಟ್ಟಿಗೆಹಾರದಲ್ಲಿ ನೀರ್ ದೋಸೆ ತಿಂದು ಚಾರ್ಮಾಡಿ ಘಾಟಿ ಇಳಿಯೋಕೆ ಶುರು ಮಾಡಿದ್ವಿ. ನಾಲ್ಕೈದು ತಿರುವು ದಾಟಿರ್ಬೇಕು, ಆ 'ಕಿಂಯ್' ಹೋಗಿ 'ಗರ್ರ್' ಅಂತ ಕಬ್ಬಿಣಕ್ಕೆ ಕಬ್ಬಿಣ ಉಜ್ಜೋ ಸದ್ದು ಬಂತು. ಪೆಡಲ್ ಮೇಲಿದ್ದ ಕಾಲಿಗೂ ಅದು ಗೊತ್ತಾಗ್ತಿತ್ತು. "ಏನೋ ಅದು?" ಅಂದ್ರು ಅಮ್ಮ. ಏನಿಲ್ಲಮ್ಮ ಅಂದೆ. ಸೆಕೆಂಡ್ ಗೇರಿಗೆ ಹಾಕಿ, ಎಂಜಿನ್ ಹಿಡಿತದಲ್ಲೇ ಆಮೆ ಥರ ಇಳಿಸ್ಕೊಂಡು ಉಜಿರೆ ಸೇರಿದ್ವಿ. ಅಲ್ಲಿವರೆಗೂ ಅಮ್ಮ ಒಂದು ಮಾತೂ ಆಡ್ಲಿಲ್ಲ. ಬ್ರೇಕಿಗಿಂತ ಅದೇ ನನಗೆ ಹೆಚ್ಚು ಭಯ ಆಗಿದ್ದು.

ಅಲ್ಲಿನ ಮೆಕ್ಯಾನಿಕ್ ಚಕ್ರ ಬಿಚ್ಚಿ ಪ್ಯಾಡ್ ಕೈಗೆ ಕೊಟ್ರು. ಉಜ್ಜೋ ಭಾಗ ಪೂರ್ತಿ ಸವೆದು, ಅದನ್ನ ಅಂಟಿಸಿರೋ ಕಬ್ಬಿಣದ ಪ್ಲೇಟ್ ಮಾತ್ರ ಉಳಿದಿತ್ತು. ಆ ಪ್ಲೇಟು ಡಿಸ್ಕನ್ನ ಕೆರೆದು ಗೀರು ಗೀರು ಮಾಡಿತ್ತು. ಬರೀ ಪ್ಯಾಡಿಗೆ ಮುಗೀತಿದ್ದ ಬಿಲ್ಲು ಎರಡೂ ಡಿಸ್ಕ್ ಸೇರಿ ಮೂರು ಪಟ್ಟಾಯ್ತು. ಉಳಿತಾಯ!

ಇದರಲ್ಲಿ ತಮಾಷೆ ಅಂದ್ರೆ, ಆ 'ಕಿಂಯ್' ಅನ್ನೋ ಸದ್ದನ್ನ ಬೇಕು ಅಂತಲೇ ಇಟ್ಟಿರ್ತಾರೆ. ತುಂಬಾ ಪ್ಯಾಡ್‌ಗಳಲ್ಲಿ ಒಂದು ಪುಟ್ಟ ಲೋಹದ ನಾಲಿಗೆ ಇರುತ್ತೆ. ಹೊಸ ಪ್ಯಾಡಲ್ಲಿ ಉಜ್ಜೋ ಭಾಗ ಸುಮಾರು 10 ಮಿಲಿಮೀಟರ್ ದಪ್ಪ ಇರುತ್ತೆ. ಅದು ಎರಡು ಮೂರು ಮಿಲಿಮೀಟರಿಗೆ ಇಳಿದಾಗ ಈ ನಾಲಿಗೆ ಡಿಸ್ಕಿಗೆ ತಾಗಿ ಕೂಗುತ್ತೆ. 3 ಮಿಲಿಮೀಟರ್ ಅಂದ್ರೆ ಬದಲಾಯಿಸೋ ಟೈಮ್ ಬಂತು ಅಂತಲೇ ಇಟ್ಕೊಳ್ಳಿ. ಆದ್ರೆ ಮಳೆ ಬಂದ ಮಾರನೇ ದಿನ ಬೆಳಗ್ಗೆ ಸದ್ದು ಬಂದ್ರೆ ಗಾಬರಿ ಬೇಡ. ಅದು ಡಿಸ್ಕಿನ ಮೇಲೆ ಕೂತ ತುಕ್ಕು, ನಾಲ್ಕು ಸಲ ಬ್ರೇಕ್ ಹಾಕಿದ್ರೆ ಹೋಗುತ್ತೆ. ದಿನಾ ಬಂದ್ರೆ ಮಾತ್ರ ಕೇಳಿಸ್ಕೊಳ್ಳಿ.

ಎಷ್ಟು ಕಿಲೋಮೀಟರಿಗೆ ಬದಲಾಯಿಸ್ಬೇಕು ಅಂತ ಕೇಳ್ತೀರಾ. ಒಬ್ಬರು 30 ಸಾವಿರ ಅಂತಾರೆ, ಇನ್ನೊಬ್ಬರು 50 ಸಾವಿರ. ಸಿಲ್ಕ್ ಬೋರ್ಡ್ ಜಂಕ್ಷನ್ನಲ್ಲಿ ದಿನಾ ಒದ್ದಾಡೋ ಗಾಡಿಗೂ ಹುಬ್ಬಳ್ಳಿ ಹೈವೇಲಿ ಓಡೋ ಗಾಡಿಗೂ ಒಂದೇ ಲೆಕ್ಕ ಹೇಗಾಗುತ್ತೆ? ಪ್ಯಾಡ್ ನೋಡಿ, ಮೀಟರ್ ಅಲ್ಲ. ಅಲಾಯ್ ಚಕ್ರ ಇದ್ರೆ ಮೊಬೈಲ್ ಟಾರ್ಚ್ ಹಾಕಿ ಸಂದಿಯಲ್ಲಿ ನೋಡಬಹುದು. ಆದ್ರೆ ಕಾಣೋದು ಹೊರಗಿನ ಪ್ಯಾಡ್ ಮಾತ್ರ. ಕ್ಯಾಲಿಪರ್ ಪಿನ್ ಜಾಮ್ ಆಗಿದ್ರೆ ಒಳಗಿನದು ಅದಕ್ಕಿಂತ ಬೇಗ ಸವೆದಿರಬಹುದು. ಹಾಗಾಗಿ ಪ್ರತಿ ಸರ್ವಿಸಲ್ಲೂ ಚಕ್ರ ಬಿಚ್ಚಿಸಿ, ಎದುರಿಗೇ ನಿಂತು ನೋಡಿ.

ಇನ್ನೊಂದು ಗುಟ್ಟು ಬ್ರೇಕ್ ಆಯಿಲ್ ಡಬ್ಬಿಯಲ್ಲಿದೆ. ಪ್ಯಾಡ್ ಸವೆದಷ್ಟೂ ಕ್ಯಾಲಿಪರ್ ಪಿಸ್ಟನ್ ಮುಂದೆ ಬರುತ್ತೆ, ಆ ಜಾಗಕ್ಕೆ ಆಯಿಲ್ ಹೋಗಿ ಡಬ್ಬಿಯಲ್ಲಿ ಮಟ್ಟ ಇಳಿಯುತ್ತೆ. ನಮ್ಮ ಗಾಡಿದೂ ಇಳಿದಿತ್ತು. ಹಿಂದಿನ ಸರ್ವಿಸಲ್ಲಿ ಸುಮ್ನೆ ತುಂಬಿಸಿ ಕಳಿಸಿದ್ರು. ಯಾಕೆ ಇಳೀತು ಅಂತ ಅವರೂ ಹೇಳ್ಲಿಲ್ಲ, ನಾನೂ ಕೇಳ್ಲಿಲ್ಲ. ಪ್ಯಾಡ್ ಚೆನ್ನಾಗಿದ್ದೂ ಆಯಿಲ್ ಇಳೀತಿದ್ರೆ ಎಲ್ಲೋ ಲೀಕ್ ಇರಬಹುದು, ಆಗ ಗಾಡಿ ಓಡಿಸ್ಲೇಬೇಡಿ.

ಡಿಸ್ಕ್ ವಿಷಯಕ್ಕೆ ಬಂದ್ರೆ, ಅದರ ಮೇಲೇ 'ಮಿನ್' ಅಂತ ಇಂಗ್ಲಿಷಲ್ಲಿ ಒಂದು ಅಳತೆ ಕೆತ್ತಿರ್ತಾರೆ. ಹೊಸದಕ್ಕೂ ಆ ಅಳತೆಗೂ ಸಾಮಾನ್ಯವಾಗಿ ಎರಡು ಮಿಲಿಮೀಟರಷ್ಟೇ ವ್ಯತ್ಯಾಸ. ಅದಕ್ಕಿಂತ ತೆಳ್ಳಗಾದ್ರೆ, ಬಿರುಕು ಬಿಟ್ರೆ, ಹೊಸ ಡಿಸ್ಕೇ ಗತಿ. ಗಾಡಿ ತಣ್ಣಗಿದ್ದಾಗ ಡಿಸ್ಕಿನ ಅಂಚನ್ನ ಬೆರಳಲ್ಲಿ ಮುಟ್ಟಿ ನೋಡಿ, ದಪ್ಪ ಕಟ್ಟೆ ಸಿಕ್ಕಿದ್ರೆ ಅಳತೆ ಮಾಡ್ಸಿ. ಹೈವೇ ಸ್ಪೀಡಲ್ಲಿ ಬ್ರೇಕ್ ಹಾಕಿದಾಗ ಸ್ಟೀರಿಂಗ್ ನಡುಗಿದ್ರೆ ಡಿಸ್ಕ್ ಒಂದೇ ಸಮ ಸವೆದಿಲ್ಲ ಅಂತ ಅನುಮಾನ ಪಡಿ. ಲೇತಲ್ಲಿ ಕೊಟ್ಟು ಸಮ ಮಾಡಿಸಬಹುದು ಅಂತಾರೆ, ಸರಿ, ಆದ್ರೆ ಆಮೇಲೂ ಆ ಅಳತೆಗಿಂತ ದಪ್ಪ ಉಳಿದಿರ್ಬೇಕು.

ಬದಲಾಯಿಸೋದಾದ್ರೆ ಎಡ ಬಲ ಎರಡೂ ಒಟ್ಟಿಗೆ. ಒಂದೇ ಕಡೆ ಹಾಕಿದ್ರೆ ಬ್ರೇಕ್ ಹಾಕಿದಾಗ ಗಾಡಿ ಒಂದು ಪಕ್ಕಕ್ಕೆ ಎಳೆಯುತ್ತೆ. ಹೊಸ ಪ್ಯಾಡ್ ಹಾಕಿಸಿದ ಮೇಲೆ ಗಾಡಿ ತೆಗೆಯೋ ಮುಂಚೆ ಪೆಡಲನ್ನ ನಾಲ್ಕೈದು ಸಲ ಒತ್ತಿ ಗಟ್ಟಿ ಮಾಡ್ಕೊಳ್ಳಿ, ಇಲ್ಲಾಂದ್ರೆ ಮೊದಲ ಬ್ರೇಕಿಗೆ ಕಾಲು ಕೆಳಗೆ ಹೋಗಿಬಿಡುತ್ತೆ. ಮೊದಲ 200 ಕಿಲೋಮೀಟರ್ ಜೋರು ಬ್ರೇಕ್ ಬೇಡ.

ಅಮ್ಮ ಈಗ ಗಾಡಿ ಹತ್ತಿದ ತಕ್ಷಣ ಮೊದಲು ಹಾಡು ಆಫ್ ಮಾಡ್ತಾರೆ. ಮುಂದಿನ ವಾರ ಟೈರ್ ಬಗ್ಗೆ ಮಾತಾಡೋಣ, ಬರ್ತೀನಿ.